ಕಣಗಿನಹಾಳದ ಹುಳಿಗಡಿಗೆ

ಚೈತ್ರದ ಬಿಸಿಲಿನಲ್ಲಿ ಗದಗಿನಿಂದ ಕಣಗಿನಹಾಳಕ್ಕೆ ಹೊರಟವನಿಗೆ ದಾರಿಯುದ್ದಕ್ಕೂ ಜೊತೆಗೊಡುವುದು ಎರೆಭೂಮಿ ಒಂದೇ. ಹಿಂಗಾರಿ ಜೋಳದ ರಾಶಿ ಮುಗಿದು ಹೊಲಗಳು ಬರಿದಾಗಿರುತ್ತವೆ. ಕರಿಯ ನೆಲ ಅಂಗೈ ಇಳಿಯುವಷ್ಟು ಅಗಲವಾಗಿ ಬಿರಿದು, ಮೊದಲ ಮಳೆಗಾಗಿ ಬಾಯಿ ತೆರೆದುಕೊಂಡಿರುತ್ತದೆ. ಅಲ್ಲೊಂದು ಬೇವು, ಇಲ್ಲೊಂದು ಬನ್ನಿ, ದಿಗಂತದಲ್ಲಿ ನಿಧಾನವಾಗಿ ತಿರುಗುವ ಗಾಳಿಯಂತ್ರಗಳು; ಇಷ್ಟನ್ನು ಬಿಟ್ಟರೆ ಕಣ್ಣಿಗೆ ಹಬ್ಬವೆನ್ನುವಂಥದು ಯಾವುದೂ ಇಲ್ಲ. ವೀರನಾರಾಯಣನ ಗುಡಿ, ತ್ರಿಕೂಟೇಶ್ವರನ ಶಿಲ್ಪ ಇವನ್ನೆಲ್ಲ ಗದಗಿನಲ್ಲಿಯೇ ನೋಡಿ ತಣಿದ ಪ್ರವಾಸಿಗರು ಈ ಕಡೆಗೆ ತಿರುಗುವುದು ಅಪರೂಪ. ಊರಿನ ಹೆಸರನ್ನು ಹೇಳಿದಾಗಲೆಲ್ಲ ಕಣಗಿಲೆಯ ಹೂವು ನೆನಪಿಗೆ ಬರುವುದು ಕನ್ನಡ ಪಾಠ ಹೇಳುವ ನನ್ನಂಥವನ ದೌರ್ಬಲ್ಯವಿರಬೇಕು.

ಆದರೂ ಈ ಊರಿಗೆ ಒಂದು ಹಿರಿಮೆಯುಂಟು. ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದುದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇಲ್ಲಿಯ ರೈತರನ್ನು ಕಲೆಹಾಕಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ದೇಶದ ಇಂಥ ಸಂಘಗಳಲ್ಲಿ ಇದೇ ಮೊದಲನೆಯದೆಂದು ಚರಿತ್ರೆಯ ಪುಸ್ತಕಗಳು ಹೇಳಿದರೆ, ಏಷ್ಯಾ ಖಂಡಕ್ಕೇ ಮೊದಲನೆಯದೆಂದು ಊರವರು ಹೆಮ್ಮೆಪಡುತ್ತಾರೆ. ಬಡ್ಡಿಯ ಸಾಲದಲ್ಲಿ ಮುಳುಗಿದ್ದ ಒಕ್ಕಲುಮಕ್ಕಳು ತಮ್ಮಲ್ಲಿದ್ದ ಅಷ್ಟಿಷ್ಟನ್ನು ಒಂದೆಡೆ ಕೂಡಿಸಿ, ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆಯಾಗಿ ನಿಂತದ್ದು ಸಣ್ಣ ಮಾತಲ್ಲ. ಜರ್ಮನಿಯಲ್ಲಿ ರೈಫೈಸೆನ್ ಎಂಬಾತ ಹಳ್ಳಿಗರಿಗಾಗಿ ರೂಪಿಸಿದ್ದ ಪದ್ಧತಿಯ ನೆರಳು ಆ ಕಾಯಿದೆಯ ಮೇಲಿತ್ತು. ಅಲ್ಲಿಯ ಬೀಜ ಇಲ್ಲಿಯ ಎರೆಯಲ್ಲಿ ಬಿದ್ದು ಇಲ್ಲಿಯದೇ ಬೆಳೆಯಾಯಿತು.

ಈ ಸಲ ನಾನು ಹೋದದ್ದು ಸಂಘವನ್ನು ನೋಡುವುದಕ್ಕಲ್ಲ. ನನ್ನ ಚಿಕ್ಕಮ್ಮನ ಮನೆ ಅದೇ ಊರಿನಲ್ಲಿದೆ. ಆಕೆಯ ಒಬ್ಬನೇ ಮಗ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಎಂಜಿನಿಯರನಾಗಿದ್ದಾನೆ. ನಾಲ್ಕು ವರ್ಷಗಳ ಮೇಲೆ ಹತ್ತು ದಿನಗಳ ರಜೆಯಲ್ಲಿ ಬಂದಿದ್ದ. ಗದಗಿನ ನಿಲ್ದಾಣದಲ್ಲಿ ಅವನನ್ನು ಇಳಿಸಿಕೊಂಡು ಊರಿಗೆ ಮುಟ್ಟಿಸುವ ಕೆಲಸ ನನಗೆ ಬಂದಿತ್ತು.

ಮನೆ ಮುಟ್ಟುವ ಹೊತ್ತಿಗೆ ಹನ್ನೊಂದು ಗಂಟೆ. ನೆತ್ತಿ ಕಾದು ಕಣ್ಣು ಮಂಜಾಗಿತ್ತು. ಚಿಕ್ಕಮ್ಮ ಕೈಕಾಲಿಗೆ ನೀರು ಕೊಟ್ಟು, ಯೋಗಕ್ಷೇಮದ ಮಾತಿಗೂ ಮೊದಲು ಎರಡು ಹಿತ್ತಾಳೆಯ ತಂಬಿಗೆಗಳನ್ನು ನಮ್ಮ ಮುಂದಿಟ್ಟರು.

“ಮೊದಲ ಇದನ್ನ ಕುಡೀರಿ. ಮಾತು ಎಲ್ಲಿಗೂ ಓಡಿ ಹೋಗಂಗಿಲ್ಲ.”

ಅದು ಜೋಳದ ಅಂಬಲಿ. ತಣ್ಣಗೆ, ತೆಳ್ಳಗೆ, ನಾಲಗೆಯ ಅಂಚನ್ನು ಹದವಾಗಿ ಚುಚ್ಚುವ ಹುಳಿ. ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಒಂದಿಷ್ಟು ಕೊತ್ತಂಬರಿ. ಅರ್ಧ ತಂಬಿಗೆ ಇಳಿಯುವಷ್ಟರಲ್ಲಿ ಹೊರಗಿನ ಬಿಸಿಲು ನಮ್ಮದಲ್ಲವೆನಿಸಿತು. ಶಿವನು ಚೋಳರಾಜನ ಅರಮನೆಯ ನೈವೇದ್ಯವನ್ನು ಬಿಟ್ಟು ಮಾದಾರ ಚೆನ್ನಯ್ಯನ ಮನೆಯ ಅಂಬಲಿಗೆ ಒಲಿದನೆಂಬ ಕಥೆಯನ್ನು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತೇನೆ. ಅದರ ಅರ್ಥ ನನಗೆ ಚೆನ್ನಾಗಿ ತಿಳಿಯುವುದು ಮಾತ್ರ ಬೇಸಿಗೆಯಲ್ಲಿ.

ಅಂಬಲಿ ಮಾಡುವ ಬಗೆಯನ್ನು ನಗರದ ಓದುಗರಿಗಾಗಿ ಇಲ್ಲಿ ಹೇಳಿಬಿಡುತ್ತೇನೆ. ಕೆಲವು ಮನೆಗಳಲ್ಲಿ ರಾತ್ರಿ ಹಸಿಹಿಟ್ಟನ್ನೇ ನೀರಿನಲ್ಲಿ ಕಲಸಿ ಹುಳಿಯಲು ಬಿಟ್ಟು ಬೆಳಿಗ್ಗೆ ಕಾಸುತ್ತಾರೆ. ಚಿಕ್ಕಮ್ಮನ ಪದ್ಧತಿ ಬೇರೆ. ಸಂಜೆ ಕುದಿಯುವ ನೀರಿಗೆ ಮಾಲದಂಡಿ ಬಿಳಿಜೋಳದ ಹಿಟ್ಟನ್ನು ಗಂಟಾಗದಂತೆ ತಿರುವಿ ಗಂಜಿ ಕಾಸುತ್ತಾರೆ. ಅದು ಆರಿದ ಮೇಲೆ ಮಣ್ಣಿನ ಗಡಿಗೆಗೆ ಸುರಿಯುತ್ತಾರೆ. ಆ ಗಡಿಗೆಯ ತಳದಲ್ಲಿ ಹಿಂದಿನ ದಿನದ ಹುಳಿ ಒಂದು ಸೌಟಿನಷ್ಟು ಉಳಿದಿರುತ್ತದೆ. ಅದನ್ನು ಪೂರ್ತಿ ತೊಳೆಯುವ ವಾಡಿಕೆಯಿಲ್ಲ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಗಂಜಿಗೆ ಹುಳಿ ಬಂದು ಮೇಲೆ ಸಣ್ಣ ಗುಳ್ಳೆಗಳು ಎದ್ದಿರುತ್ತವೆ. ಅದಕ್ಕೆ ಮಜ್ಜಿಗೆ, ಉಪ್ಪು, ಒಗ್ಗರಣೆಯಿಲ್ಲದ ಹಸಿ ಮಸಾಲೆ. ಈ ಕಡೆಯ ಮಾತು ಮನೆಮನೆಗೂ ಬೇರೆ. ಒಬ್ಬರಿಗೆ ಈರುಳ್ಳಿ ಬೇಕು, ಇನ್ನೊಬ್ಬರಿಗೆ ಹಸಿಮೆಣಸಿನಕಾಯಿ. ಬೀದರ ಕಡೆಯಲ್ಲಿ ಎಳ್ಳಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಅಂಬಲಿಯ ಸಂಭ್ರಮವೇ ಬೇರೆ. ಗಂಜಿ ಎಲ್ಲರದೂ ಒಂದೇ. ಮೇಲೆ ಹಾಕುವುದು ಅವರವರ ಕೈಗುಣ.

ಈ ಮಾತನ್ನು ಕೇಳಿ ನನ್ನ ತಮ್ಮ ನಕ್ಕ. “ಅಣ್ಣಾ, ನಾ ಅಲ್ಲಿ ಮಾಡೂದೂ ಇದ ನೋಡು” ಎಂದು ಕಿಸೆಯಿಂದ ಫೋನನ್ನು ತೆಗೆದು ಚಿತ್ರಗಳನ್ನು ತೋರಿಸತೊಡಗಿದ.

ಮೆಲ್ಬರ್ನಿನ ಅವನ ಮನೆಯ ಕಾರುಕೋಣೆಯ ಮೂಲೆ. ಮೇಜಿನ ಮೇಲೆ ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಪೀಪಾಯಿ, ತಳದಲ್ಲಿ ನಲ್ಲಿ, ಪಕ್ಕದಲ್ಲಿ ಕಂದುಬಣ್ಣದ ಬಾಟಲಿಗಳ ಸಾಲು. ಅವನು ಬಿಡುವಿನ ವೇಳೆಯಲ್ಲಿ ಬೀರು ಮಾಡುತ್ತಾನೆ! ಆ ದೇಶದಲ್ಲಿ ಅದಕ್ಕೆ ಬೇಕಾದುದೆಲ್ಲ ಒಂದು ಕಿಟ್ಟಿನ ರೂಪದಲ್ಲಿ ಅಂಗಡಿಯಲ್ಲಿ ಸಿಗುತ್ತದಂತೆ. ಸಾಮಾನ್ಯವಾಗಿ 1.7 ಕಿಲೋ ತೂಗುವ ಒಂದು ಡಬ್ಬಿ. ಅದರೊಳಗೆ ಜೇನಿನಷ್ಟು ಮಂದವಾದ ಪಾಕ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಅದರ ಸಿಹಿಯನ್ನು ಬಿಸಿನೀರಿನಲ್ಲಿ ಇಳಿಸಿಕೊಂಡು, ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಹಿಯನ್ನು ಸೇರಿಸಿ ಬತ್ತಿಸಿದ ಪಾಕವದು. ಅದಕ್ಕೆ ಒಂದು ಕಿಲೋ ಸಕ್ಕರೆ ಹಾಕಿ, ಒಟ್ಟು 23 ಲೀಟರು ಆಗುವಂತೆ ನೀರು ಬೆರೆಸಿ, ಹದವಾಗಿ ತಣ್ಣಗಾದ ಮೇಲೆ ಡಬ್ಬಿಯ ಜೊತೆಗೆ ಬಂದ ಯೀಸ್ಟಿನ ಪೊಟ್ಟಣವನ್ನು ಉದುರಿಸಬೇಕು. ವಾರದೊಳಗೆ ಯೀಸ್ಟು ಸಿಹಿಯನ್ನೆಲ್ಲ ತಿಂದು ಮದ್ಯಸಾರವನ್ನೂ ಅನಿಲವನ್ನೂ ಕೊಡುತ್ತದೆ. ಬಾಟಲಿಗೆ ತುಂಬುವಾಗ ಮತ್ತೆ ಚಿಟಿಕೆ ಸಕ್ಕರೆ ಹಾಕಿದರೆ ಅದರೊಳಗೇ ನೊರೆ ಹುಟ್ಟುತ್ತದೆ.

“ಕಿಟ್ ಅಂದ್ರ ನಮ್ಮ ಗಂಜಿ ಇದ್ದಂಗ ಅಣ್ಣಾ. ಡಬ್ಬಿ ಮ್ಯಾಲ ಬರದಂಗ ಮಾಡಿದ್ರ ಎಲ್ಲಾರದೂ ಒಂದ ರುಚಿ. ಮಜಾ ಇರೂದು ಮ್ಯಾಲ ಏನ್ ಹಾಕತೀವಿ ಅನ್ನೂದ್ರಾಗ.”

ಅವನು ಹಾಕಿ ನೋಡಿದ್ದರ ಪಟ್ಟಿ ದೊಡ್ಡದಿತ್ತು. ಮೊದಲು ಕಿತ್ತಳೆಯ ಸಿಪ್ಪೆ ಮತ್ತು ಕುಟ್ಟಿದ ಕೊತ್ತಂಬರಿ ಬೀಜ; ಬೆಲ್ಜಿಯಂ ದೇಶದ ಗೋಧಿಬೀರಿನಲ್ಲಿ ಇವೆರಡೂ ಬಹಳ ಕಾಲದಿಂದ ಇವೆಯಂತೆ. ಅದು ಚೆನ್ನಾಗಿ ಬಂತು. ಆಮೇಲೆ ಹಸಿಶುಂಠಿ. ಅದೂ ಸರಿ. ಮೂರನೆಯ ಸಲ ಸಕ್ಕರೆಯ ಬದಲಿಗೆ ಬೆಲ್ಲ. ಯೀಸ್ಟಿಗೆ ಬೆಲ್ಲವೆಂದರೆ ಪ್ರಾಣ. ಒಂದು ಹರಳನ್ನೂ ಬಿಡದೆ ತಿಂದುಹಾಕುತ್ತದೆ. ಆದುದರಿಂದ ಪಾನೀಯ ತೆಳ್ಳಗಾಗಿ, ವಾಸನೆ ಮಾತ್ರ ಉಳಿಯಿತು. ಬಾಟಲಿಗೆ ತುಂಬುವಾಗಲೂ ಕೈಬಿಟ್ಟು ಬೆಲ್ಲ ಹಾಕಿದ್ದರಿಂದ ಒಂದು ರಾತ್ರಿ ಮೂರು ಬಾಟಲಿಗಳು ಸಿಡಿದು, ಪಕ್ಕದ ಮನೆಯವರು ಗಾಬರಿಯಿಂದ ಬಾಗಿಲು ಬಡಿದರಂತೆ. ಒಳಗೆ ಹುಟ್ಟಿದ ಅನಿಲಕ್ಕೆ ದಾರಿಯಿಲ್ಲದಿದ್ದರೆ ಗಾಜು ತಡೆದೀತೆ?

ಕನ್ನಡದ ಮೇಷ್ಟರಾದ ನನಗೆ ಇದನ್ನೆಲ್ಲ ಕೇಳುವಾಗ ಹಳೆಯ ಪುಸ್ತಕಗಳ ಪುಟಗಳು ತೆರೆದುಕೊಂಡವು. ಇಲ್ಲಿಂದ ದೂರವಿಲ್ಲದ ಅಣ್ಣಿಗೇರಿ ಆದಿಕವಿ ಪಂಪನ ತಾಯಿಯ ತವರು. ಆತನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಾನಗೋಷ್ಠಿಯ ರಸವತ್ತಾದ ವರ್ಣನೆಯಿದೆ. ಎರಡು ಶತಮಾನಗಳು ಕಳೆದ ಮೇಲೆ ಬಂದ ಶರಣರ ನಡುವೆ ಹೆಂಡದ ಮಾರಯ್ಯನೆಂಬವನಿದ್ದ. ಹೆಂಡ ಮಾರುವ ಕಾಯಕದವನೇ ವಚನಕಾರನಾದ. ಕುಡಿತದ ಸೊಗಸನ್ನೂ ಕುಡಿತದ ಕೇಡನ್ನೂ ಕನ್ನಡ ಸಾಹಿತ್ಯ ಒಟ್ಟೊಟ್ಟಿಗೆ ಬಲ್ಲುದು.

ಹೊರಗಿನ ದೇಶಗಳೂ ಈ ವಿಷಯದಲ್ಲಿ ಒಂದು ಮಾತಿನ ಮೇಲೆ ನಿಂತವಲ್ಲ. ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ 1516ರಷ್ಟು ಹಿಂದೆಯೇ, ನೀರು, ಬಾರ್ಲಿ, ಹಾಪ್ಸ್ ಈ ಮೂರನ್ನು ಬಿಟ್ಟು ಬೀರಿಗೆ ಮತ್ತೇನನ್ನೂ ಬೆರೆಸಕೂಡದೆಂದು ಕಟ್ಟಳೆ ಮಾಡಿದರು. ನನ್ನ ತಮ್ಮನ ಕೊತ್ತಂಬರಿ ಅಲ್ಲಿ ದಂಡಕ್ಕೆ ಗುರಿಯಾಗುತ್ತಿತ್ತು! ಇಂಗ್ಲೆಂಡಿನಲ್ಲಿ ಮನೆಬಳಕೆಗೆ ಬೀರು ಮಾಡಿಕೊಳ್ಳಲು ಬೇಕಾಗಿದ್ದ ಪರವಾನಗಿಯನ್ನು 1963ರಲ್ಲಿ ತೆಗೆದುಹಾಕಿದರು. ಅಮೆರಿಕೆಯಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರರು 1978ರಲ್ಲಿ ಸಹಿ ಮಾಡಿದ ಕಾಯಿದೆ ಈ ಹವ್ಯಾಸಕ್ಕೆ ದಾರಿ ತೆರೆಯಿತು. ನಮ್ಮ ರಾಜ್ಯದ ಮಾತು ಬೇರೆ. 1965ರ ಅಬಕಾರಿ ಕಾಯಿದೆಯ ಪ್ರಕಾರ ಇಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬೆಂಗಳೂರಿನ ಪರವಾನಗಿ ಪಡೆದ ಸಣ್ಣ ಬೀರುಗೃಹಗಳು ಏನು ಬೇಕಾದರೂ ಬೆರೆಸಿ ನೋಡಲಿ, ಮನೆಯ ಯಜಮಾನ ಅವರನ್ನು ಅನುಕರಿಸುವಂತಿಲ್ಲ.

“ಇಲ್ಲಿ ಮಾಡೂ ವಿಚಾರ ನನಗಿಲ್ಲ ಅಣ್ಣಾ. ಆದ್ರ ಒಂದು ಸಮಸ್ಯೆ ಐತಿ” ಎಂದ ತಮ್ಮ. “ಹೋದ ಸಲ ಜೋಳ ಹಾಕಿ ನೋಡಿದೆ. ನಮ್ಮ ಊರಿನ ನೆನಪು ಬರಲಿ ಅಂತ. ಕೆಟ್ಟು ಕೆರ ಹಿಡೀತು.”

ಜೋಳದ ವಿಚಾರವನ್ನು ಅವನು ಆಳವಾಗಿಯೇ ಓದಿದ್ದ. ನಮ್ಮದೆಂದು ನಾವು ಬೀಗುವ ಜೋಳ ಮೂಲತಃ ಆಫ್ರಿಕೆಯದು. ಅಲ್ಲಿಯ ಜನ ಅದನ್ನು ಗಂಜಿಯಾಗಿ ಉಣ್ಣುವುದಲ್ಲದೆ ಮೊಳಕೆ ಬರಿಸಿ ಬೀರನ್ನೂ ಮಾಡುತ್ತಾರೆ. ದಕ್ಷಿಣ ಆಫ್ರಿಕೆಯ ಉಂಕೊಂಬೋತಿ ಎಂಬ ಪಾನೀಯಕ್ಕೆ ಮೆಕ್ಕೆಜೋಳದೊಂದಿಗೆ ಮೊಳಕೆಯ ಜೋಳವೂ ಬೇಕು. ಸಾವಿರಾರು ಮೈಲಿ ದಾಟಿ ಬಂದ ಒಂದೇ ಕಾಳು ಅಲ್ಲಿ ಬೀರಾಯಿತು, ಇಲ್ಲಿ ಅಂಬಲಿಯಾಯಿತು. ಅಂತರ ಇರುವುದು ಮೊಳಕೆಯಲ್ಲಿ. ಮೊಳಕೆಯೊಡೆದ ಕಾಳು ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಶಕ್ತಿಯನ್ನು ಪಡೆಯುತ್ತದೆ. ಸಕ್ಕರೆ ಹೇರಳವಾದಲ್ಲಿ ಯೀಸ್ಟು ಮದ್ಯವನ್ನು ಮಾಡುತ್ತದೆ. ಮೊಳಕೆಯಿಲ್ಲದ ಹಿಟ್ಟಿನಲ್ಲಿ ಸಕ್ಕರೆ ಕಡಿಮೆ. ಮಜ್ಜಿಗೆಯನ್ನು ಹುಳಿಸುವ ಜಾತಿಯ ಸೂಕ್ಷ್ಮಜೀವಿಗಳು ಅಲ್ಲಿ ಮೇಲುಗೈಯಾಗಿ ಗಂಜಿಗೆ ಹುಳಿಯನ್ನು ಕೊಡುತ್ತವೆ, ಅಮಲನ್ನಲ್ಲ. ಮೊಳಕೆಯೆಂದ ಮಾತ್ರಕ್ಕೆ ಹೆದರಬೇಕಾಗಿಲ್ಲ; ಕೂಸಿಗೆ ಉಣಿಸುವ ರಾಗಿಯ ಮಾಲ್ಟು ಕೂಡ ಮೊಳಕೆಯದೇ.

ಅವನು ಮೊಳಕೆಯ ಗೊಡವೆಗೆ ಹೋಗಿರಲಿಲ್ಲ. ಬಾರ್ಲಿಯ ಮಾಲ್ಟನ್ನು ಬಿಸಿನೀರಿನಲ್ಲಿ ಸುಮಾರು 65 ಡಿಗ್ರಿ ಶಾಖದಲ್ಲಿಟ್ಟು, ಅದರ ಜೊತೆಗೆ ಹುರಿದು ನುಚ್ಚಾಗಿಸಿದ ಜೋಳವನ್ನು ಹಾಕಿದ್ದ. ಬಾರ್ಲಿಯ ಶಕ್ತಿಯೇ ಜೋಳದ ಪಿಷ್ಟವನ್ನೂ ಸಿಹಿ ಮಾಡೀತೆಂದು ಅವನ ಎಣಿಕೆ. ಆದರೆ ಬೀರು ಕಲಗಚ್ಚಿನಂತೆ ಕದಡಿ, ಬಾಯಿಗೆ ಹಿಟ್ಟುಹಿಟ್ಟಾಯಿತು. ಎರಡು ಸಲವೂ ಹಾಗೆಯೇ ಆಯಿತೆಂದು ಅವನು ಹೇಳುತ್ತಿದ್ದಾಗ, ಬೆನ್ನು ತಿರುಗಿಸಿ ಬೆಳ್ಳುಳ್ಳಿ ಬಿಡಿಸುತ್ತ ಕುಳಿತಿದ್ದ ಚಿಕ್ಕಮ್ಮ ಇದ್ದಕ್ಕಿದ್ದಂತೆ ನಕ್ಕುಬಿಟ್ಟರು.

“ಅಲ್ಲೋ ಶಾಣ್ಯಾ, ಬರೇ ಬಿಸಿನೀರಾಗ ಹಾಕಿದ್ರ ಜೋಳ ಬಾಯಿ ಬಿಡತೈತೇನು? ಅದೇನು ಗೋಧಿನೋ? ಮೊದಲ ಗಳಗಳ ಕುದಿಸಿ ಗಂಜಿ ಮಾಡಬೇಕು. ಆರಿದ ಮ್ಯಾಲ ಹುಳಿ ಕೂಡಿಸಬೇಕು. ಬಿಸಿ ಇದ್ದಾಗ ಕೂಡಿಸಿದ್ರ ಹುಳಿ ಸಾಯತೈತಿ. ಇಷ್ಟೂ ತಿಳೀಲಿಲ್ಲೇನು ನಿನಗ?”

ತಮ್ಮ ಬೆಕ್ಕಸಬೆರಗಾಗಿ ನೋಡಿದ. ಅವನು ಆಮೇಲೆ ನನಗೆ ವಿವರಿಸಿದ ಪ್ರಕಾರ ವಿಷಯ ಅಷ್ಟೇ ಆಗಿತ್ತು. ಜೋಳದ ಪಿಷ್ಟ ಉಬ್ಬಿ ಬಿಡಿಸಿಕೊಳ್ಳಬೇಕಾದರೆ ಬಾರ್ಲಿಗಿಂತ ಹೆಚ್ಚಿನ ಶಾಖ ಬೇಕು. ಅದನ್ನು ಬೇರೆಯಾಗಿ ಕುದಿಸಿ ಗಂಜಿ ಮಾಡಿ, ಸ್ವಲ್ಪ ತಣಿದ ಮೇಲೆ ಮಾಲ್ಟಿನ ಜೊತೆ ಕೂಡಿಸಿದರೆ ಕೆಲಸ ಸಾಗುತ್ತದೆ. ಎರಡು ಸಲ ಸೋತು, ಪುಸ್ತಕಗಳನ್ನು ತಿರುವಿಹಾಕಿದ ಎಂಜಿನಿಯರನ ಗಂಟನ್ನು ಗಡಿಗೆಯ ಮುಂದೆ ಕುಳಿತ ತಾಯಿ ಒಂದು ಮಾತಿನಲ್ಲಿ ಬಿಚ್ಚಿದ್ದರು.

ಆದರೆ ಆ ನಗು ಅಲ್ಲಿಗೇ ನಿಂತಿತು. ತಾನು ಯಾವುದಕ್ಕೆ ದಾರಿ ತೋರಿಸಿದೆನೆಂಬುದು ಆಕೆಗೆ ಹೊಳೆಯಿತೆಂದು ತೋರುತ್ತದೆ. ಕೈಯಲ್ಲಿದ್ದ ಬೆಳ್ಳುಳ್ಳಿಯನ್ನು ಮರದಲ್ಲಿ ಹಾಕಿ, ಮಗನ ಕಡೆಗೆ ತಿರುಗಿ ಕೇಳಿದರು.

“ಆ ಕೊತ್ತಂಬರಿ ಬೀಜ ಯಾರು ಕುಟ್ಟಿಕೊಡ್ತಾರ ನಿನಗ?”

“ನಿನ್ನ ಮೊಮ್ಮಗಳು ಅವ್ವಾ. ಆಕಿಗೆ ಭಾಳ ಹುರುಪು” ಎಂದ ಅವನು, ಮಾತಿನ ತೂಕವನ್ನು ಅರಿಯದೆ.

ಚಿಕ್ಕಮ್ಮ ಮತ್ತೆ ಮಾತಾಡಲಿಲ್ಲ. ಎದ್ದು ಹಿತ್ತಲಿಗೆ ಹೋದರು.

ನನಗೆ ಕಾರಣ ಗೊತ್ತಿತ್ತು. ಅವನಿಗೂ ಒಂದು ಗಳಿಗೆಯ ಮೇಲೆ ಗೊತ್ತಾಯಿತು. ಮುಖ ಕಪ್ಪಿಟ್ಟಿತು. ನನ್ನ ಚಿಕ್ಕಪ್ಪ ಒಳ್ಳೆಯ ಒಕ್ಕಲಿಗ. ಕೂರಿಗೆ ಹಿಡಿದರೆ ಸಾಲು ಗೆರೆ ಎಳೆದಂತೆ ಬರುತ್ತಿತ್ತು. ಆದರೆ ಎರಡು ಬರಗಾಲಗಳ ನಡುವೆ ಎಲ್ಲಿಯೋ ಶೆರೆಗೆ ಬಿದ್ದ. ಬೀಜಕ್ಕೆಂದು ಸಾಹುಕಾರನಿಂದ ತಂದ ಹಣ ಶೆರೆಯ ಅಂಗಡಿಗೆ ಹೋಯಿತು. ಆಮೇಲೆ ಚಿಕ್ಕಮ್ಮನ ಬೋರಮಾಳ. ಆಮೇಲೆ ಎರಡೆಕರೆ ಹೊಲ. ಕಾಲು ಹೊರಡದ ದಿನ ಬಾಟಲಿ ಹಿಡಿದು ಅಂಗಡಿಗೆ ಹೋಗಿಬರುತ್ತಿದ್ದವನು ಈ ಹುಡುಗ, ಆಗ ಎಂಟು ವರ್ಷದವನು. ತರುವುದು ತಡವಾದರೆ ಪೆಟ್ಟು ಹುಡುಗನಿಗೆ, ತಡೆಯಲು ಬಂದರೆ ತಾಯಿಗೆ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಿಂದ. ಚಿಕ್ಕಪ್ಪ ತೀರಿಕೊಂಡದ್ದು ಅದಕ್ಕೆ ಎರಡು ವರ್ಷ ಮೊದಲು.

ಮಗು ಕುಟ್ಟಿಕೊಟ್ಟ ಕೊತ್ತಂಬರಿಯಲ್ಲಿ ಆ ತಾಯಿಗೆ ಕಂಡದ್ದೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ನಾವಿಬ್ಬರೂ ಊರೊಳಗೆ ಅಡ್ಡಾಡಿದೆವು. ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ಎತ್ತುಗಳಿಗಿಂತ ಟ್ರಾಕ್ಟರುಗಳೇ ಹೆಚ್ಚಾಗಿ ಮನೆಗೆ ಮರಳುತ್ತಿದ್ದವು. ತಮ್ಮ ತನ್ನ ಪಕ್ಷವನ್ನು ಮಂಡಿಸಿದ. ಶೆರೆಯೇ ಬೇರೆ, ಬೀರೇ ಬೇರೆ. ಶೆರೆ ಭಟ್ಟಿಯಿಳಿಸಿದ್ದು, ಹುದುಗಿದ ದ್ರವವನ್ನು ಕಾಸಿ, ಆವಿಯನ್ನು ಹಿಡಿದು, ಮದ್ಯವನ್ನು ಒಟ್ಟುಗೂಡಿಸಿದ್ದು. ಭಟ್ಟಿ ಹಾಕುವುದಕ್ಕೆ ಆಸ್ಟ್ರೇಲಿಯಾದಲ್ಲಿಯೂ ಸರಕಾರದ ಅಪ್ಪಣೆ ಬೇಕು. ತಾನು ವಾರಕ್ಕೆ ಎರಡು ಬಾಟಲಿ ಮೀರಿದವನಲ್ಲ. ಗೆಳೆಯರು ಬಂದಾಗ ನಾನು ಮಾಡಿದ್ದೆಂದು ಕೊಡುವ ಸಂತೋಷವೇ ಮುಖ್ಯ. ಅವನ ಒಂದೊಂದು ಮಾತೂ ನಿಜವಾಗಿತ್ತು. ನಾನು ಅಲ್ಲಗಳೆಯಲಿಲ್ಲ.

“ಆದ್ರ ಅವ್ವಗ ಇದನ್ನ ಹೆಂಗ ಹೇಳೂದು ಅಣ್ಣಾ?”

“ಹೇಳಬ್ಯಾಡ. ಆಕಿ ನಿನಗ ರಸಾಯನಶಾಸ್ತ್ರ ಕೇಳಲಿಲ್ಲ” ಎಂದೆ.

ಮಾತಾಡುತ್ತ ಸಹಕಾರ ಸಂಘದ ಕಡೆಗೆ ಬಂದಿದ್ದೆವು. ಅಲ್ಲಿ ನಿಂತಾಗ ನನಗೆ ಒಂದು ಹಳೆಯ ಸಂಗತಿ ನೆನಪಾಯಿತು. ಚಿಕ್ಕಪ್ಪ ತೀರಿದಾಗ ಮನೆಯಲ್ಲಿ ಒಲೆ ಹೊತ್ತದೆ ಎಷ್ಟೋ ದಿನ ಕಳೆದು, ಗಡಿಗೆಯ ತಳದ ಹುಳಿ ಒಣಗಿ ಹಕ್ಕಳೆಗಟ್ಟಿತ್ತು. ದಿನಕರ್ಮ ಮುಗಿದ ಮರುದಿನ ಪಕ್ಕದ ಮನೆಯ ಮುದುಕಿ ಒಂದು ಬಟ್ಟಲು ಹುಳಿಯನ್ನು ಸೆರಗಿನ ಮರೆಯಲ್ಲಿ ತಂದು, ಮಾತಿಲ್ಲದೆ ಗಡಿಗೆಗೆ ಸುರಿದು ಹೋದಳು. ಚಿಕ್ಕಮ್ಮ ಅಂದು ಸಂಜೆ ಗಂಜಿ ಕಾಸಿದರು. ಇಂದಿನವರೆಗೆ ಆ ಗಡಿಗೆಯಲ್ಲಿರುವುದು ಆ ಹುಳಿಯ ಸಂತತಿಯೇ. ಆ ಬೀದಿಯಲ್ಲಿ ಯಾರ ಗಡಿಗೆ ಕೆಟ್ಟರೂ ಇನ್ನೊಬ್ಬರ ಗಡಿಗೆ ಹೊಣೆಯಾಗುತ್ತದೆ. 1905ರಲ್ಲಿ ಈ ಊರಿನವರಿಗೆ ಒಬ್ಬರ ಸಾಲಕ್ಕೆ ಎಲ್ಲರೂ ನಿಲ್ಲುವ ಕಟ್ಟಳೆಯನ್ನು ಯಾರಾದರೂ ಓದಿ ಹೇಳಿದಾಗ, ಅದು ತೀರ ಹೊಸತೆನಿಸಿರಲಾರದು.

ಇದನ್ನು ಹೇಳಿದಾಗ ತಮ್ಮ ಬಹಳ ಹೊತ್ತು ಸುಮ್ಮನಿದ್ದ. ಆ ಬಟ್ಟಲು ಹುಳಿಯ ವಿಷಯ ಅವನಿಗೆ ತಿಳಿದಿರಲಿಲ್ಲ.

ಅವನು ಹೊರಡುವ ಹಿಂದಿನ ದಿನ ನಾನು ಮತ್ತೆ ಹೋದೆ. ಪಡಸಾಲೆಯಲ್ಲಿ ಪೆಟ್ಟಿಗೆ ತುಂಬುವ ಗಡಿಬಿಡಿ. ಚಟ್ನಿಪುಡಿ, ಶೇಂಗಾ ಹೋಳಿಗೆ, ಕಟಿರೊಟ್ಟಿ ಎಲ್ಲದರ ಕೊನೆಗೆ ಚಿಕ್ಕಮ್ಮ ಒಂದು ಬಿಳಿ ಬಟ್ಟೆಯ ಗಂಟನ್ನು ತಂದಿಟ್ಟರು. ಬಿಚ್ಚಿ ನೋಡಿದರೆ ಮುತ್ತಿನಂಥ ಜೋಳದ ಕಾಳು, ಎರಡು ಸೇರು. ಕಾಳು! ಅಂಬಲಿಗೆಂದು ಕೊಡುವವರು ಹಿಟ್ಟನ್ನು ಕೊಡುತ್ತಾರೆ. ಕಾಳು ಮೊಳಕೆಗೂ ಆಗುತ್ತದೆ. ತಮ್ಮ ತಾಯಿಯ ಮುಖ ನೋಡಿದ.

“ಇದರಾಗ ಏನರ ಮಾಡಕೋ” ಎಂದರು ಚಿಕ್ಕಮ್ಮ. “ಮೊಳಕಿ ಬರಸಿದ್ರ ಮಾತ್ರ ಒಣಗಿಸಿ ಬೇರು ಕುಡಿ ಎಲ್ಲಾ ತಿಕ್ಕಿ ತಗದ ಬಿಡು. ಎಳೀ ಜೋಳ ಮೇದ ದನಾನ ಸಾಯತಾವು.”

ಇದೂ ನಿಜವಾದ ಮಾತೇ. ಎಳೆಯ ಜೋಳದ ಕುಡಿಯಲ್ಲಿ ವಿಷವಾಗಬಲ್ಲ ಸತ್ವವಿದೆ. ಒಕ್ಕಲಿಗರು ಸಣ್ಣ ಪೈರಿನಲ್ಲಿ ದನ ಬಿಡದಿರುವುದು ಅದಕ್ಕಾಗಿ. ಮಗನ ಬೀರನ್ನು ಆಕೆ ಒಪ್ಪಿರಲಿಲ್ಲ. ಆದರೆ ಮಗ ವಿಷ ಕುಡಿಯಬಾರದು.

ತಮ್ಮನ ಕಣ್ಣು ತುಂಬಿತು. ಆದರೆ ಗಂಟು ಪೆಟ್ಟಿಗೆಗೆ ಹೋಗಲಿಲ್ಲ. ಆಸ್ಟ್ರೇಲಿಯಾದ ಗಡಿಯಲ್ಲಿ ಹೊರಗಿನ ಬೀಜಕಾಳುಗಳಿಗೆ ಬಿಗಿಯಾದ ತಡೆಯುಂಟು. ಅಲ್ಲಿಯ ಬೆಳೆಗೆ ಇಲ್ಲಿಯ ರೋಗ ತಗಲೀತೆಂಬ ಭಯ. ಅವನು ಅದನ್ನು ಹೇಳಿದಾಗ ಚಿಕ್ಕಮ್ಮ ಗಂಟನ್ನು ಮತ್ತೆ ಕಟ್ಟಿ, “ಹಂಗಾರ ಹೋಗಲಿ. ಕೈ ಬೀಸಿಕೊಂಡ ಹೋಗು. ಕುದಿಸೂದು ಆರಸೂದು ಎರಡು ನೆನಪಿಟ್ಟರ ಸಾಕು” ಎಂದರು. ಕಾಳು ಚೀಲಕ್ಕೆ ಮರಳಿತು. ಮರುದಿನ ಬೆಳಿಗ್ಗೆ ಅವನು ರೈಲು ಹತ್ತಿದ.

ಮುಂದೇನಾಯಿತೆಂದು ತಿಳಿದದ್ದು ಶ್ರಾವಣದಲ್ಲಿ. ನಾಗರ ಪಂಚಮಿಯ ಉಂಡಿ ಕೊಡಲು ಕಣಗಿನಹಾಳಕ್ಕೆ ಹೋಗಿದ್ದೆ. ಮಳೆಯಾಗಿ ಎರೆಯ ಬಿರುಕುಗಳು ಮುಚ್ಚಿಕೊಂಡಿದ್ದವು. ಹೆಸರಿನ ಪೈರು ಹಸಿರಾಗಿ ನಿಂತಿತ್ತು. ಚಿಕ್ಕಮ್ಮ ತಾವಾಗಿಯೇ ಸುದ್ದಿಯೆತ್ತಿದರು. ಹೋದ ಭಾನುವಾರ ಮಗ ಫೋನು ಮಾಡಿದ್ದನಂತೆ. ಅಲ್ಲಿಯ ಭಾರತೀಯ ಅಂಗಡಿಯೊಂದರಿಂದ ಜೋಳದ ಹಿಟ್ಟು ತಂದು, ಗಂಜಿ ಕಾಸಿ, ಆರಿಸಿ, ಹುಳಿಗೆ ಮೊಸರಿನ ತಿಳಿಯನ್ನು ಕೂಡಿಸಿ ಅಂಬಲಿ ಮಾಡಿದನಂತೆ. ಚಳಿಯ ದೇಶ; ಹುಳಿ ಬರಲು ಎರಡು ರಾತ್ರಿ ಹಿಡಿಯಿತು. ಮಗಳು ಬೆಳ್ಳುಳ್ಳಿ ಜಜ್ಜಿ, ಕೊತ್ತಂಬರಿ ಸೊಪ್ಪು ಹರಿದು ಹಾಕಿದಳಂತೆ. ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು; ಎರಡನೆಯ ಗುಟುಕಿಗೆ ಸಕ್ಕರೆ ಕೇಳಿದಳು.

“ಆ ಪೀಪಾಯಿ ಏನಾತು ಚಿಗವ್ವಾ?” ಎಂದು ನಾನು ಮೆಲ್ಲಗೆ ಕೇಳಿದೆ.

“ಐತಂತ. ಡಬ್ಬಿನೂ ಒಂದು ಒಡೀಲಾರದ ಇಟ್ಟಾನಂತ. ಮಾಡಿದ್ರೂ ಮಗಳ ಕೈಲೆ ಏನೂ ಕುಟ್ಟಸಂಗಿಲ್ಲ ಅಂದ.” ಸ್ವಲ್ಪ ಹೊತ್ತು ಅಂಗಳದ ಕಡೆಗೆ ನೋಡಿ ಮುಂದುವರಿಸಿದರು. “ನಾ ಏನೂ ಅನಲಿಲ್ಲ. ಹುಳಿ ಬಂದಿತ್ತೇನು ಅಂತ ಅಷ್ಟ ಕೇಳಿದೆ.”

“ಏನಂದ?”

“ಬಂದಿತ್ತಂತ. ಆದ್ರ ನಿನ್ನ ಕೈಯಾಗಿಂದರಂಗ ಬರಲಿಲ್ಲ ಅಂದ.” ಚಿಕ್ಕಮ್ಮನ ಮುಖದಲ್ಲಿ ಬಹಳ ದಿನಗಳ ಮೇಲೆ ನಾನು ಕಂಡ ನಗು ಮೂಡಿತು. “ಹೆಂಗ ಬಂದೀತು? ತಳದ ಹುಳಿ ಇಲ್ಲಲ್ಲ. ಮುಂದಿನ ಸಲ ಗಡಿಗಿ ಪೂರ್ತಿ ತೊಳೀಬ್ಯಾಡ ಅಂತ ಹೇಳೀನಿ.”

ಹೀಗೆಂದು ಒಳಗೆ ಹೋಗಿ ನನಗೊಂದು ತಂಬಿಗೆ ತಂದುಕೊಟ್ಟರು. ಮಳೆಗಾಲದ ದಿನ, ಅಂಬಲಿಯ ಹೊತ್ತಲ್ಲ. ಆದರೂ ಕುಡಿದೆ.